ಕುದುರೆಯ ಕೋರ್ ವ್ಯಾಯಾಮ: ಸ್ನಾಯುವಿನ ಚಟುವಟಿಕೆ ಅಳೆಯಲು ಯಾವ ವಿಧಾನ ಸೂಕ್ತ?

ಬೆನ್ನುನೋವಿನಿಂದ ಚೇತರಿಸಿಕೊಳ್ಳುತ್ತಿರುವ ಕುದುರೆಗೂ, ಸವಾರನ ಭಾರ ಹೊರಲು ಈಗಷ್ಟೇ ಕಲಿಯುತ್ತಿರುವ ಎಳೆಯ ಕುದುರೆಗೂ ಪಶುವೈದ್ಯರು ಮತ್ತು ಫಿಸಿಯೋಥೆರಪಿಸ್ಟರು ಕೋರ್ ವ್ಯಾಯಾಮಗಳನ್ನು, ಅಂದರೆ ನಡುಮೈಯನ್ನು ಹಿಡಿದಿಡುವ ಬೆನ್ನು ಮತ್ತು ಹೊಟ್ಟೆಯ ಸ್ನಾಯುಗಳ ವ್ಯಾಯಾಮಗಳನ್ನು, ಸೂಚಿಸುತ್ತಾರೆ. ಕ್ಯಾರೆಟ್ ತೋರಿಸಿ ಕುದುರೆಯ ಗಲ್ಲವನ್ನು ಎದೆಗೆ, ಮುಂಗಾಲಿನ ಮಂಡಿಗಳ ನಡುವಿಗೆ ಅಥವಾ ಪಕ್ಕೆಯ ಕಡೆಗೆ ತರಿಸುವುದು, ಎದೆಮೂಳೆಯ ಅಡಿಯಲ್ಲಿ ಬೆರಳುಗಳಿಂದ ಒತ್ತಿ ಬೆನ್ನನ್ನು ಮೇಲೆತ್ತಿಸುವುದು, ನೆಲದಿಂದ ತುಸು ಎತ್ತರಿಸಿದ ಕಂಬಗಳನ್ನು ದಾಟಿಸುವುದು, ಹಿಂದಕ್ಕೆ ಹೆಜ್ಜೆ ಹಾಕಿಸುವುದು, ಹೊಟ್ಟೆ ಮತ್ತು ಹಿಂಭಾಗದ ಸುತ್ತ ಎಲಾಸ್ಟಿಕ್ ಪಟ್ಟಿ ಕಟ್ಟಿ ನಡೆಸುವುದು ಇವುಗಳಲ್ಲಿ ಮುಖ್ಯವಾದವು. ಇವೆಲ್ಲವೂ ಕೋರ್ ಸ್ನಾಯುಗಳನ್ನು ಬಲಪಡಿಸುತ್ತವೆ ಎಂದು ಹೇಳುವುದು ಸುಲಭ. ಆದರೆ ಯಾವ ವ್ಯಾಯಾಮದಲ್ಲಿ ಯಾವ ಸ್ನಾಯು ಎಷ್ಟು ದುಡಿಯಿತು ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ. ಬೆನ್ನು ಮೇಲೆದ್ದದ್ದು ಕಾಣುತ್ತದೆ. ಅದನ್ನು ಎತ್ತಿದ್ದು ಹೊಟ್ಟೆಯ ಸ್ನಾಯುವೋ, ಅಥವಾ ತಲೆ ಕೆಳಗಿಳಿದಾಗ ಕತ್ತಿನಿಂದ ಬೆನ್ನಿನವರೆಗೆ ಹರಿದಿರುವ ಅಸ್ಥಿರಜ್ಜು ಬಿಗಿದುಕೊಂಡು ತಾನಾಗಿಯೇ ಎಳೆದುದರ ಫಲವೋ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಎರಡನೆಯದಾದರೆ ಅಲ್ಲಿ ಹಿಗ್ಗುವಿಕೆ ನಡೆದಿದೆಯೇ ಹೊರತು ಬಲಪಡಿಸುವ ಕೆಲಸ ಅಷ್ಟಾಗಿ ನಡೆದಿಲ್ಲ. ಅಳತೆ ಬೇಕಾಗುವುದು ಈ ಕಾರಣಕ್ಕೆ.

ಅಳೆಯಲು ಬಳಕೆಯಲ್ಲಿರುವ ಪ್ರಮುಖ ವಿಧಾನಗಳು ನಾಲ್ಕು: ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸುವ ಇಎಂಜಿ (ಎಲೆಕ್ಟ್ರೋಮಯೋಗ್ರಫಿ, ಅಂದರೆ ಸ್ನಾಯುವಿನ ವಿದ್ಯುತ್ ಸಂಕೇತದ ದಾಖಲೆ), ಸ್ನಾಯುವಿನೊಳಗೆ ಸೂಕ್ಷ್ಮ ತಂತಿ ಇಳಿಸುವ ಇಎಂಜಿ, ಅಲ್ಟ್ರಾಸೌಂಡ್ ಚಿತ್ರಣ, ಮತ್ತು ಸ್ನಾಯುವಿನ ಕಂಪನವನ್ನು ದಾಖಲಿಸುವ ಅಕೌಸ್ಟಿಕ್ ಮಯೋಗ್ರಫಿ. ಇವು ಒಂದಕ್ಕೊಂದು ಬದಲಿಯಲ್ಲ, ಏಕೆಂದರೆ ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ಉಪಕರಣವನ್ನು ಮೊದಲು ತಂದು ಪ್ರಶ್ನೆಯನ್ನು ಆಮೇಲೆ ಹುಡುಕುವವರ ಕೈಗೆ ಅಂಕಿಗಳ ರಾಶಿ ಸಿಗುತ್ತದೆ, ಉತ್ತರ ಸಿಗುವುದಿಲ್ಲ.

ಮೊದಲು ಸ್ನಾಯುವನ್ನು ಗೊತ್ತುಮಾಡಿಕೊಳ್ಳಿ

ಕುದುರೆಯ ಬೆನ್ನಿನಲ್ಲಿ ಸಾಮಾನ್ಯವಾಗಿ ಎದೆಭಾಗದ 18 ಮತ್ತು ಸೊಂಟಭಾಗದ 6 ಕಶೇರುಕಗಳಿರುತ್ತವೆ. ಡಚ್ ಅಂಗರಚನಾಶಾಸ್ತ್ರಜ್ಞ ಸ್ಲೈಪರ್ 1946ರಲ್ಲಿ ನಾಲ್ಕು ಕಾಲಿನ ಪ್ರಾಣಿಯ ನಡುಮೈಯನ್ನು ಬಿಲ್ಲು ಮತ್ತು ಹೆದೆಯ ಮಾದರಿಯಲ್ಲಿ ವಿವರಿಸಿದರು. ಬೆನ್ನೆಲುಬು ಬಿಲ್ಲಾದರೆ ಹೊಟ್ಟೆಯ ಸ್ನಾಯುಗಳು ಹೆದೆ. ಹೆದೆ ಬಿಗಿದರೆ ಬಿಲ್ಲು ಬಾಗುತ್ತದೆ, ಅಂದರೆ ಬೆನ್ನು ಮೇಲೇಳುತ್ತದೆ. ಕೋರ್ ವ್ಯಾಯಾಮಗಳ ಹಿಂದಿನ ತರ್ಕ ಬಹುಮಟ್ಟಿಗೆ ಇದನ್ನೇ ಆಧರಿಸಿದೆ.

ಅಳತೆಯ ದೃಷ್ಟಿಯಿಂದ ಈ ಸ್ನಾಯುಗಳನ್ನು ಆಳಕ್ಕೆ ತಕ್ಕಂತೆ ವಿಂಗಡಿಸಿಕೊಳ್ಳುವುದು ಒಳ್ಳೆಯದು. ಬೆನ್ನಿನ ಉದ್ದಕ್ಕೂ ಹಬ್ಬಿರುವ ಲಾಂಜಿಸಿಮಸ್ ಡಾರ್ಸಿ, ಹೊಟ್ಟೆಯ ನಡುಗೆರೆಯ ಎರಡೂ ಪಕ್ಕದಲ್ಲಿ ಉದ್ದಕ್ಕೆ ಸಾಗುವ ರೆಕ್ಟಸ್ ಅಬ್ಡಾಮಿನಿಸ್, ಪಕ್ಕೆಯ ಮೇಲಿನ ಹೊರ ಓರೆಸ್ನಾಯು, ಈ ಮೂರನ್ನೂ ಚರ್ಮದ ಮೇಲಿನಿಂದಲೇ ತಲುಪಬಹುದು. ಕಶೇರುಕಗಳಿಗೆ ಅಂಟಿಕೊಂಡು ಒಂದೊಂದು ಕೀಲನ್ನೂ ಬಿಗಿಹಿಡಿಯುವ ಮಲ್ಟಿಫಿಡಸ್, ಹೊಟ್ಟೆಯ ಅತ್ಯಂತ ಒಳಪದರವಾದ ಟ್ರಾನ್ಸ್‌ವರ್ಸಸ್, ಸೊಂಟದ ಕಶೇರುಕಗಳ ಅಡಿಯಲ್ಲಿರುವ ಸೋಯಸ್, ಇವು ಚರ್ಮದ ಮೇಲಿನ ಎಲೆಕ್ಟ್ರೋಡಿಗೆ ಎಟುಕುವುದಿಲ್ಲ. ಮಲ್ಟಿಫಿಡಸ್ ಇರುವ ಜಾಗದ ಮೇಲ್ಭಾಗದ ಚರ್ಮಕ್ಕೆ ಎಲೆಕ್ಟ್ರೋಡ್ ಅಂಟಿಸಿ, ಬಂದ ಸಂಕೇತಕ್ಕೆ ಮಲ್ಟಿಫಿಡಸ್ ಎಂದು ಹೆಸರಿಟ್ಟ ದಾಖಲೆ ಕಣ್ಣಿಗೆ ಬಿದ್ದರೆ ಅದನ್ನು ನಂಬಬಾರದು. ಅಲ್ಲಿ ದಾಖಲಾಗಿರುವುದು ಪ್ರಧಾನವಾಗಿ ಅದರ ಪಕ್ಕದ ಮತ್ತು ಮೇಲಿನ ಸ್ನಾಯುಗಳ ವಿದ್ಯುತ್ತು.

ಚರ್ಮದ ಮೇಲಿನ ಇಎಂಜಿ

ನರದಿಂದ ಆಜ್ಞೆ ಬಂದಾಗ ಸ್ನಾಯುತಂತುಗಳ ಪೊರೆಯ ಮೇಲೆ ಹರಿಯುವ ವಿದ್ಯುತ್ ಅಲೆಗಳ ಮೊತ್ತವನ್ನು ಈ ವಿಧಾನ ದಾಖಲಿಸುತ್ತದೆ. ವ್ಯಾಯಾಮ ನಡೆಯುತ್ತಿರುವಾಗಲೇ, ಮಿಲಿಸೆಕೆಂಡುಗಳ ನಿಖರತೆಯಲ್ಲಿ, ಸ್ನಾಯು ಯಾವಾಗ ಎಚ್ಚೆತ್ತಿತು ಮತ್ತು ಯಾವಾಗ ಸುಮ್ಮನಾಯಿತು ಎಂಬುದನ್ನು ಕುದುರೆಗೆ ನೋವಾಗದಂತೆ ತಿಳಿಯಲು ಇದಕ್ಕಿಂತ ಉತ್ತಮವಾದ ದಾರಿ ಇಲ್ಲ. ಟ್ರಾಟ್‌ನಲ್ಲಿ (ನಡಿಗೆಗಿಂತ ವೇಗವಾದ ಓಟದಲ್ಲಿ) ಲಾಂಜಿಸಿಮಸ್ ಒಂದು ಪೂರ್ಣ ಹೆಜ್ಜೆಯ ಚಕ್ರದಲ್ಲಿ ಎರಡು ಬಾರಿ ಚುರುಕಾಗುತ್ತದೆ ಎಂಬುದು ತಿಳಿದದ್ದು ಇಂಥ ದಾಖಲೆಗಳಿಂದಲೇ. ಸಾಧಾರಣ ನಡಿಗೆ ಮತ್ತು ಕಂಬ ದಾಟುವ ನಡಿಗೆ, ಪಟ್ಟಿ ಕಟ್ಟಿದ ಟ್ರಾಟ್ ಮತ್ತು ಕಟ್ಟದ ಟ್ರಾಟ್, ಇಂಥ ಜೋಡಿಗಳನ್ನು ಒಂದೇ ಕುದುರೆಯಲ್ಲಿ, ಒಂದೇ ದಿನ ಹೋಲಿಸಬೇಕಾದರೆ ನನ್ನ ಮೊದಲ ಆಯ್ಕೆ ಇದೇ.

ಆದರೆ ಇದರ ಫಲಿತಾಂಶದ ಗುಣಮಟ್ಟ ಬಹುಪಾಲು ತಯಾರಿಯಲ್ಲೇ ನಿರ್ಧಾರವಾಗುತ್ತದೆ. ಕೂದಲನ್ನು ಯಂತ್ರದಿಂದ ಕತ್ತರಿಸಿ, ಉಳಿದದ್ದನ್ನು ಬೋಳಿಸಿ, ಚರ್ಮವನ್ನು ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಎಲೆಕ್ಟ್ರೋಡ್ ಅಂಟಿಸಬೇಕು. ಮನುಷ್ಯರ ಇಎಂಜಿಗಾಗಿ ಯುರೋಪಿನಲ್ಲಿ 1996ರಿಂದ 1999ರವರೆಗೆ ನಡೆದ ಸೇನಿಯಮ್ ಯೋಜನೆ ಎರಡು ಎಲೆಕ್ಟ್ರೋಡುಗಳ ನಡುವೆ 20 ಮಿಲಿಮೀಟರ್ ಅಂತರವನ್ನು ಸೂಚಿಸಿತು. ಕುದುರೆಗಳಲ್ಲೂ ಅದನ್ನು ಆರಂಭದ ಅಳತೆಯಾಗಿ ಇಟ್ಟುಕೊಳ್ಳಬಹುದು. ಎರಡೂ ಎಲೆಕ್ಟ್ರೋಡುಗಳು ಸ್ನಾಯುತಂತುಗಳ ದಿಕ್ಕಿಗೆ ಸಮಾನಾಂತರವಾಗಿರಬೇಕು. ಯಾವ ಕಶೇರುಕದ ಮಟ್ಟದಲ್ಲಿ, ನಡುಗೆರೆಯಿಂದ ಎಷ್ಟು ದೂರದಲ್ಲಿ ಅಂಟಿಸಲಾಯಿತು ಎಂಬುದನ್ನು ಬರೆದಿಡಬೇಕು. ಮುಂದಿನ ಬಾರಿ ಕೆಲವು ಸೆಂಟಿಮೀಟರ್ ಆಚೀಚೆ ಆದರೂ ಸಂಕೇತದ ಗಾತ್ರ ಬದಲಾಗುತ್ತದೆ.

ಕುದುರೆಗೇ ವಿಶಿಷ್ಟವಾದ ಒಂದು ತೊಡಕನ್ನು ಇಲ್ಲಿ ವಿವರವಾಗಿ ಹೇಳಬೇಕು. ನೊಣ ಕೂತಾಗ ಕುದುರೆ ಮೈಯ ಆ ಭಾಗದ ಚರ್ಮವನ್ನಷ್ಟೇ ನಡುಗಿಸುವುದನ್ನು ಎಲ್ಲರೂ ನೋಡಿರುತ್ತಾರೆ. ಆ ಕೆಲಸ ಮಾಡುವುದು ಚರ್ಮಕ್ಕೆ ತಾಗಿಕೊಂಡೇ ಪಕ್ಕೆ ಮತ್ತು ಹೊಟ್ಟೆಯ ಮೇಲೆ ವಿಶಾಲವಾಗಿ ಹರಡಿರುವ ತೆಳ್ಳನೆಯ ಚರ್ಮಸ್ನಾಯು. ಓರೆಸ್ನಾಯುವಿನ ಮೇಲೆ ಅಂಟಿಸಿದ ಎಲೆಕ್ಟ್ರೋಡಿಗೆ ಮೊದಲು ಸಿಗುವುದು ಈ ಪದರವೇ. ನೊಣ, ತಣ್ಣನೆಯ ಗಾಳಿ, ಎಲೆಕ್ಟ್ರೋಡಿನ ಅಂಟು, ಸಹಾಯಕನ ಕೈ ಇವುಗಳಲ್ಲಿ ಯಾವುದು ತಾಗಿದರೂ ಪರದೆಯ ಮೇಲೆ ಚುರುಕಾದ ಗೆರೆಗಳು ಏಳುತ್ತವೆ. ಅವು ವ್ಯಾಯಾಮದ ಫಲವೆಂದು ತೋರುವಷ್ಟು ದೊಡ್ಡದಾಗಿಯೂ ಇರಬಹುದು. ಆದ್ದರಿಂದ ದಾಖಲೆ ಆರಂಭಿಸುವ ಮುನ್ನ ಕುದುರೆ ಸುಮ್ಮನೆ ನಿಂತಿರುವಾಗಿನ ಸಂಕೇತವನ್ನು ಕನಿಷ್ಠ ಅರ್ಧ ನಿಮಿಷ ಪಡೆದಿಟ್ಟುಕೊಂಡು, ಇಡೀ ಪ್ರಯೋಗವನ್ನು ವಿಡಿಯೋದಲ್ಲಿ ಸಮಯ ಹೊಂದಿಸಿ ಚಿತ್ರಿಸಿಕೊಳ್ಳುವುದು ಅಗತ್ಯ. ಚರ್ಮ ನಡುಗಿದ ಕ್ಷಣಗಳನ್ನು ಆಮೇಲೆ ಗುರುತಿಸಿ ತೆಗೆದುಹಾಕಲು ಬೇರೆ ಉಪಾಯವಿಲ್ಲ.

ಹೃದಯದ ವಿದ್ಯುತ್ ಸಂಕೇತವೂ, ವಿಶೇಷವಾಗಿ ಎದೆಯ ಎಡಭಾಗದ ಹತ್ತಿರ, ಇಎಂಜಿಯೊಳಗೆ ಬೆರೆಯುತ್ತದೆ. ಗೊರಸು ನೆಲಕ್ಕೆ ಬಡಿದಾಗ ಎಲೆಕ್ಟ್ರೋಡ್ ಅಲುಗಿ ಕೆಳ ಆವರ್ತನದ ಗದ್ದಲವನ್ನು ತರುತ್ತದೆ. ಮನುಷ್ಯರಲ್ಲಿ 10ರಿಂದ 20 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸುವುದು ವಾಡಿಕೆ. ಕುದುರೆಯ ಚಲನೆಯ ದಾಖಲೆಗಳಲ್ಲಿ 40 ಹರ್ಟ್ಸ್‌ನಷ್ಟು ಎತ್ತರದ ಮಿತಿ ಬೇಕಾಗುತ್ತದೆ ಎಂಬ ವಾದಕ್ಕೆ ಒಳ್ಳೆಯ ಆಧಾರವಿದೆ. ಎಷ್ಟೇ ಆಯ್ದುಕೊಂಡರೂ, ಹೋಲಿಸುವ ಎಲ್ಲ ವ್ಯಾಯಾಮಗಳಿಗೂ ಒಂದೇ ಮಿತಿ ಇರಬೇಕು, ಅದನ್ನು ವರದಿಯಲ್ಲಿ ಬರೆಯಬೇಕು. ಸಂಕೇತದ ಉಪಯುಕ್ತ ಭಾಗ ಸುಮಾರು 500 ಹರ್ಟ್ಸ್‌ವರೆಗೆ ಇರುವುದರಿಂದ ಪ್ರತಿ ಸೆಕೆಂಡಿಗೆ 1000ಕ್ಕಿಂತ ಕಡಿಮೆ ಮಾದರಿ ಪಡೆಯುವ ಉಪಕರಣವನ್ನು ಈ ಕೆಲಸಕ್ಕೆ ಪರಿಗಣಿಸಲೇಬಾರದು. ಮಾರಾಟಗಾರರು ಕೊಡುವ ವಿವರಪತ್ರದಲ್ಲಿ ನಾನು ಮೊದಲು ಹುಡುಕುವುದು ಈ ಸಂಖ್ಯೆಯನ್ನೇ.

ಇನ್ನು ಕೊಬ್ಬು. ಚರ್ಮ ಮತ್ತು ಸ್ನಾಯುವಿನ ನಡುವೆ ಕೊಬ್ಬಿನ ಪದರ ದಪ್ಪಗಿದ್ದಷ್ಟೂ ಸಂಕೇತ ಕ್ಷೀಣಿಸುತ್ತದೆ, ಮೊಂಡಾಗುತ್ತದೆ. ದಷ್ಟಪುಷ್ಟ ಕುದುರೆಯ ಹೊಟ್ಟೆಯಿಂದ ಬಂದ ಸಣ್ಣ ಸಂಕೇತವನ್ನು ನೋಡಿ ಅದರ ಸ್ನಾಯು ದುರ್ಬಲ ಎಂದು ತೀರ್ಮಾನಿಸುವಂತಿಲ್ಲ.

ಮೈಕ್ರೋವೋಲ್ಟ್‌ಗಳನ್ನು ಹಾಗೆಯೇ ಹೋಲಿಸಬಾರದು

ಇದೇ ಕಾರಣದಿಂದ ಎರಡು ಕುದುರೆಗಳ, ಅಥವಾ ಒಂದೇ ಕುದುರೆಯ ಎರಡು ದಿನಗಳ, ಇಎಂಜಿ ಸಂಕೇತದ ಗಾತ್ರ ಹೇಳುವ ಕಚ್ಚಾ ಸಂಖ್ಯೆಗಳನ್ನು ಪಕ್ಕಪಕ್ಕ ಇಡುವುದು ತಪ್ಪು. ಮನುಷ್ಯನಿಗಾದರೆ ಶಕ್ತಿಯಿದ್ದಷ್ಟೂ ಬಿಗಿ ಎಂದು ಹೇಳಿ, ಆ ಗರಿಷ್ಠ ಪ್ರಯತ್ನವನ್ನು ನೂರು ಎಂದಿಟ್ಟುಕೊಂಡು, ಉಳಿದ ಚಟುವಟಿಕೆಗಳನ್ನು ಅದರ ಶೇಕಡಾವಾರು ಪ್ರಮಾಣವಾಗಿ ಹೇಳಬಹುದು. ಕುದುರೆಗೆ ಹಾಗೆ ಹೇಳಿ ಮಾಡಿಸಲು ಸಾಧ್ಯವಿಲ್ಲ. ಬದಲಿಗೆ ಅದೇ ಅವಧಿಯಲ್ಲಿ, ಎಲೆಕ್ಟ್ರೋಡ್ ಕೀಳದೆ, ಸಮತಟ್ಟಾದ ನೆಲದ ಮೇಲೆ ನಿಗದಿತ ವೇಗದಲ್ಲಿ ನಡೆಸಿ ಅಥವಾ ಟ್ರಾಟ್ ಮಾಡಿಸಿ, ಆ ಮೌಲ್ಯವನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಆಗ ಮೇಲೆತ್ತಿದ ಕಂಬಗಳನ್ನು ದಾಟುವಾಗ ರೆಕ್ಟಸ್ ಅಬ್ಡಾಮಿನಿಸ್ ಸಾಧಾರಣ ನಡಿಗೆಗಿಂತ ಎಷ್ಟು ಪಟ್ಟು ಚುರುಕಾಯಿತು ಎಂದು ಅರ್ಥಪೂರ್ಣವಾಗಿ ಹೇಳಬಹುದು. ಎಲೆಕ್ಟ್ರೋಡ್ ಬಿದ್ದುಹೋಗಿ ಮತ್ತೆ ಅಂಟಿಸಿದರೆ ಆಧಾರದ ನಡಿಗೆಯನ್ನೂ ಮತ್ತೆ ದಾಖಲಿಸಬೇಕು. ನಡಿಗೆಯಲ್ಲಿ ಬೆನ್ನಿನ ಸ್ನಾಯುವಿನ ಚಟುವಟಿಕೆ ಬಹಳ ಕಡಿಮೆ ಇರುವುದರಿಂದ ಅದನ್ನು ಆಧಾರವಾಗಿಸಿದರೆ ಅನುಪಾತಗಳು ಹಿಗ್ಗಿ ಕಾಣುತ್ತವೆ. ಲಾಂಜಿಸಿಮಸ್‌ಗೆ ಟ್ರಾಟ್ ಹೆಚ್ಚು ಸ್ಥಿರವಾದ ಆಧಾರ ಎಂಬುದು ನನ್ನ ಅಭಿಪ್ರಾಯ.

ವೇಗವನ್ನು ಹಿಡಿತದಲ್ಲಿ ಇಡುವುದೂ ಅಷ್ಟೇ ಮುಖ್ಯ. ಕುದುರೆ ವೇಗ ಹೆಚ್ಚಿಸಿದರೆ ಸ್ನಾಯುವಿನ ಚಟುವಟಿಕೆಯೂ ಹೆಚ್ಚುತ್ತದೆ. ಪಟ್ಟಿ ಕಟ್ಟಿದಾಗ ಅದು ಗಾಬರಿಯಿಂದ ಸ್ವಲ್ಪ ಬೇಗ ಹೆಜ್ಜೆ ಹಾಕಿದರೆ, ಕಂಡ ವ್ಯತ್ಯಾಸ ಪಟ್ಟಿಯದೋ ವೇಗದ್ದೋ ಹೇಳಲಾಗದು.

ಒಳತಂತಿಯ ಇಎಂಜಿ

ಬಾಸ್ಮಾಜಿಯನ್ ಮತ್ತು ಸ್ಟೆಕೊ 1962ರಲ್ಲಿ ಪ್ರಕಟಿಸಿದ ಸೂಕ್ಷ್ಮ ತಂತಿಯ ಎಲೆಕ್ಟ್ರೋಡ್ ಇಂದಿಗೂ ಮೂಲ ಮಾದರಿ. ಕೊನೆಯಲ್ಲಿ ಕೊಕ್ಕೆಯಂತೆ ಬಾಗಿಸಿದ, ಹೊದಿಕೆಯುಳ್ಳ ಎರಡು ತಂತಿಗಳನ್ನು ಇಂಜೆಕ್ಷನ್ ಸೂಜಿಯೊಳಗೆ ಪೋಣಿಸಿ ಸ್ನಾಯುವಿಗೆ ಇಳಿಸಿ ಸೂಜಿಯನ್ನು ಹೊರತೆಗೆದರೆ ತಂತಿಗಳು ಒಳಗೇ ಉಳಿಯುತ್ತವೆ. ವ್ಯಾಯಾಮದ ಹೊತ್ತಿನಲ್ಲೇ ಮಲ್ಟಿಫಿಡಸ್ ಏನು ಮಾಡುತ್ತಿದೆ ಎಂದು ನೇರವಾಗಿ ತಿಳಿಯಲು ಇರುವುದು ಇದೊಂದೇ ದಾರಿ. ಪಕ್ಕದ ಸ್ನಾಯುವಿನ ಸಂಕೇತ ಇಲ್ಲಿ ಅಷ್ಟಾಗಿ ಬೆರೆಯುವುದಿಲ್ಲ, ಚರ್ಮಸ್ನಾಯುವಿನ ಕಾಟವೂ ಇಲ್ಲ.

ಬೆಲೆ ತೆರಬೇಕಾದದ್ದು ಬೇರೆ ಕಡೆ. ಸೂಜಿಯನ್ನು ಅಲ್ಟ್ರಾಸೌಂಡ್ ನೋಡಿಕೊಂಡು ಪಶುವೈದ್ಯರೇ ಇಳಿಸಬೇಕು. ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಅನುಮತಿ ಬೇಕು. ಸೋಂಕಿನ ಸಾಧ್ಯತೆ ಚಿಕ್ಕದಾದರೂ ಇದ್ದೇ ಇದೆ. ತಂತಿ ಇರುವ ಜಾಗದಲ್ಲಿ ನೋವಿದ್ದರೆ ಕುದುರೆ ಸಹಜವಾಗಿ ಚಲಿಸುವುದಿಲ್ಲ, ಆಗ ಅಳೆಯಲು ಹೊರಟದ್ದನ್ನೇ ನಾವು ಕೆಡಿಸಿದಂತಾಗುತ್ತದೆ. ತಂತಿ ತಲುಪುವುದು ಕೆಲವೇ ತಂತುಗಳನ್ನು. ಆದ್ದರಿಂದ ಬಲವಾದ ಚಲನೆಯಲ್ಲಿ ಅದು ತುಸು ಸರಿದರೂ ಸಂಕೇತದ ಗಾತ್ರ ಬದಲಾಗಿಬಿಡುತ್ತದೆ. ನಿಂತಲ್ಲೇ ಮಾಡಿಸುವ ವ್ಯಾಯಾಮಗಳಿಗೆ, ಸಂಶೋಧನೆಯ ಉದ್ದೇಶಕ್ಕೆ ಮಾತ್ರ ಇದು ಸಲ್ಲುತ್ತದೆ. ಚಿಕಿತ್ಸೆಯಲ್ಲಿರುವ, ಬೆನ್ನು ನೋಯುತ್ತಿರುವ ಕುದುರೆಗೆ ಕುತೂಹಲಕ್ಕಾಗಿ ಇದನ್ನು ಮಾಡುವುದು ಸರಿಯಲ್ಲ.

ಅಲ್ಟ್ರಾಸೌಂಡ್

ಅಲ್ಟ್ರಾಸೌಂಡ್ ಚಟುವಟಿಕೆಯನ್ನು ಅಳೆಯುವುದಿಲ್ಲ, ವಾರಗಟ್ಟಲೆ ನಡೆದ ಚಟುವಟಿಕೆಯಿಂದ ಸ್ನಾಯು ಬೆಳೆಯಿತೇ ಎಂಬುದನ್ನು ಅಳೆಯುತ್ತದೆ. ಕೋರ್ ವ್ಯಾಯಾಮಗಳ ಮಟ್ಟಿಗೆ ಅತ್ಯಂತ ಮನವೊಪ್ಪುವ ಪುರಾವೆಗಳಲ್ಲಿ ಒಂದು ಬಂದದ್ದು ಇದರಿಂದಲೇ. ನರೆಲ್ ಸ್ಟಬ್ಸ್, ಹಿಲರಿ ಕ್ಲೇಟನ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಕುದುರೆಗಳಿಗೆ ವಾರದಲ್ಲಿ ಐದು ದಿನ, ಮೂರು ತಿಂಗಳ ಕಾಲ, ಆಹಾರ ತೋರಿಸಿ ಕತ್ತು ಬಾಗಿಸುವ ವ್ಯಾಯಾಮಗಳನ್ನು ಮಾಡಿಸಲಾಯಿತು. ಬೆನ್ನಿನ ಆರು ಮಟ್ಟಗಳಲ್ಲಿ ಮಲ್ಟಿಫಿಡಸ್‌ನ ಅಡ್ಡಕೊಯ್ತದ ವಿಸ್ತೀರ್ಣವನ್ನು ಮೊದಲೂ ಕೊನೆಗೂ ಅಳೆದಾಗ ಅದು ಹೆಚ್ಚಿತ್ತು, ಎಡಬಲಗಳ ನಡುವಿನ ಅಂತರವೂ ಕಡಿಮೆಯಾಗಿತ್ತು. ಮೈಮೇಲೆ ಸೂಜಿ ಇಲ್ಲ, ಅಳೆದದ್ದು ಆಳದ ಸ್ನಾಯು, ಸಿಕ್ಕಿದ್ದು ಚದರ ಸೆಂಟಿಮೀಟರಿನಲ್ಲಿ ಹೇಳಬಹುದಾದ ಉತ್ತರ.

ಇದಕ್ಕೂ ಶಿಸ್ತು ಬೇಕು. ನಾಲ್ಕೂ ಕಾಲುಗಳ ಮೇಲೆ ಸಮನಾಗಿ ಭಾರ ಹಾಕಿ, ತಲೆಯನ್ನು ಪ್ರತಿ ಸಲವೂ ಒಂದೇ ಎತ್ತರದಲ್ಲಿ ಇಟ್ಟುಕೊಂಡು ಕುದುರೆ ನಿಲ್ಲಬೇಕು. ಒಂದು ಹಿಂಗಾಲನ್ನು ಸಡಿಲಬಿಟ್ಟು ನಿಂತರೆ ಆ ಬದಿಯ ಸ್ನಾಯುವಿನ ಆಕಾರ ಬದಲಾಗುತ್ತದೆ. ಪ್ರತಿ ಮಟ್ಟದಲ್ಲೂ ಕನಿಷ್ಠ ಮೂರು ಚಿತ್ರ ತೆಗೆದು, ಯಾವ ಚಿತ್ರ ಯಾವ ದಿನದ್ದು ಎಂದು ತಿಳಿಯದವರಿಂದ ಗಡಿರೇಖೆ ಎಳೆಸಿ ಸರಾಸರಿ ಪಡೆಯುವುದು ಕ್ರಮ. ವ್ಯಾಯಾಮ ಮಾಡಿಸಿದವರೇ ಗಡಿ ಎಳೆದರೆ, ಸ್ನಾಯು ಬೆಳೆದಿರಲಿ ಎಂಬ ಅವರ ಆಸೆ ಗೆರೆಯನ್ನು ಹೊರಕ್ಕೆ ತಳ್ಳುತ್ತದೆ.

ಅಕೌಸ್ಟಿಕ್ ಮಯೋಗ್ರಫಿ ಮತ್ತು ಉಳಿದವು

ಸಂಕುಚಿಸುವ ಸ್ನಾಯು ಸಣ್ಣಗೆ ಕಂಪಿಸುತ್ತದೆ. ಈ ಕಂಪನದ ಸದ್ದನ್ನು ಕುರಿತು ಇಂಗ್ಲಿಷ್ ವಿಜ್ಞಾನಿ ವೊಲಾಸ್ಟನ್ 1810ರಷ್ಟು ಹಿಂದೆಯೇ ಬರೆದಿದ್ದರು. ಆ ಕಂಪನವನ್ನು ಸಂವೇದಕದಿಂದ ಹಿಡಿಯುವುದೇ ಅಕೌಸ್ಟಿಕ್ ಮಯೋಗ್ರಫಿ. ವಿದ್ಯುತ್ ಸಂಪರ್ಕದ ಅಗತ್ಯವಿಲ್ಲದ ಕಾರಣ ಚರ್ಮದ ತಯಾರಿಯ ರಗಳೆ ಕಡಿಮೆ, ಬೆವರಿನಿಂದ ಸಂಕೇತ ಕೆಡುವ ಭಯವೂ ಕಡಿಮೆ. ಮೈದಾನದಲ್ಲಿ ಬೇಗ ಸಿದ್ಧವಾಗುತ್ತದೆ ಎಂಬುದು ನಿಜವಾದ ಅನುಕೂಲ. ಆದರೆ ಸ್ನಾಯುವಿನ ಕಂಪನ ಮುಖ್ಯವಾಗಿ 100 ಹರ್ಟ್ಸ್‌ಗಿಂತ ಕೆಳಗಿನ ಆವರ್ತನಗಳಲ್ಲಿ ಇರುತ್ತದೆ. ಗೊರಸಿನ ಬಡಿತದಿಂದ ಮೈಯೆಲ್ಲ ಅಲುಗುವ ಕಂಪನವೂ ಅದೇ ವ್ಯಾಪ್ತಿಯಲ್ಲಿದೆ. ನಿಂತಲ್ಲಿನ ವ್ಯಾಯಾಮಕ್ಕೆ ಇದನ್ನು ಒಪ್ಪಬಹುದು, ಟ್ರಾಟ್‌ಗೆ ಎಚ್ಚರ ಬೇಕು. ಇದರ ಅಂಕಗಳನ್ನು ಇಎಂಜಿಯ ಅಂಕಿಗಳ ಜೊತೆ ನೇರವಾಗಿ ಹೋಲಿಸುವಂತಿಲ್ಲ.

ಉಷ್ಣಚಿತ್ರಣ ತೋರಿಸುವುದು ಚರ್ಮದ ತಾಪವನ್ನು. ಬಿಸಿಲು, ಗಾಳಿ, ಆಗಷ್ಟೇ ತೆಗೆದ ಹೊದಿಕೆ, ಎಲ್ಲವೂ ಅದನ್ನು ಬದಲಿಸುತ್ತವೆ. ಶ್ರಮಿಸುವ ಸ್ನಾಯುಗಳು ರಕ್ತಕ್ಕೆ ಬಿಡುವ ಲ್ಯಾಕ್ಟೇಟ್ ಇಡೀ ದೇಹದ ಶ್ರಮವನ್ನು ಹೇಳುತ್ತದೆ, ಯಾವ ಸ್ನಾಯು ಎಂಬುದನ್ನು ಹೇಳುವುದಿಲ್ಲ. ಎಂಆರ್‌ಐ ಯಂತ್ರದೊಳಗೆ ಬೆಳೆದ ಕುದುರೆಯ ನಡುಮೈ ಹಿಡಿಸುವುದೇ ಇಲ್ಲ. ಈ ಪ್ರಶ್ನೆಗೆ ಇವು ಮೂರನ್ನೂ ಪಕ್ಕಕ್ಕಿಡಬಹುದು.

ವ್ಯಾಯಾಮಕ್ಕೆ ತಕ್ಕ ಆಯ್ಕೆ

ಕಾಗದದ ಮೇಲೆ ಒಳ್ಳೆಯದೆನಿಸಿದ ವಿಧಾನ ವ್ಯಾಯಾಮದ ರೂಪದಿಂದಲೇ ಸೋಲಬಹುದು. ಎದೆಮೂಳೆಯ ಅಡಿ ಒತ್ತಿ ಬೆನ್ನೆತ್ತಿಸುವ ವ್ಯಾಯಾಮವನ್ನು ನೋಡಿ. ಬೆರಳು ಒತ್ತುವ ಜಾಗಕ್ಕೆ ಹತ್ತಿರವಾಗಿ ಎಲೆಕ್ಟ್ರೋಡ್ ಇದ್ದರೆ ಒತ್ತಡದ ಗದ್ದಲವೇ ದೊಡ್ಡ ಚಟುವಟಿಕೆಯಂತೆ ದಾಖಲಾಗುತ್ತದೆ. ಇಲ್ಲಿ ರೆಕ್ಟಸ್ ಅಬ್ಡಾಮಿನಿಸ್‌ನ ಎಲೆಕ್ಟ್ರೋಡನ್ನು ಹೊಕ್ಕುಳಿನ ಕಡೆಗೆ, ಕೈ ತಾಗದಷ್ಟು ಹಿಂದಕ್ಕೆ ಅಂಟಿಸಬೇಕು. ಎಲಾಸ್ಟಿಕ್ ಪಟ್ಟಿ ಹೊಟ್ಟೆಯ ಸುತ್ತ ಹಾದುಹೋಗುವಾಗ ಪ್ರತಿ ಹೆಜ್ಜೆಗೂ ಎಲೆಕ್ಟ್ರೋಡನ್ನು ಉಜ್ಜುತ್ತದೆ. ಪಟ್ಟಿಯ ಜಾಗವನ್ನು ಮೊದಲು ಗುರುತುಮಾಡಿಕೊಂಡು ಎಲೆಕ್ಟ್ರೋಡಿಗೆ ಬೇರೆ ಜಾಗ ಹುಡುಕಬೇಕು. ನೀರಿನ ಟ್ರೆಡ್‌ಮಿಲ್‌ನಲ್ಲಿ ನೀರು ಹೊಟ್ಟೆಯ ಮಟ್ಟಕ್ಕೆ ಬಂದರೆ ಹೊಟ್ಟೆಯ ಇಎಂಜಿಗೆ ನೀರು ಒಳಹೋಗದ ಹೊದಿಕೆ ಬೇಕೇ ಬೇಕು, ಇಲ್ಲದಿದ್ದರೆ ಬೆನ್ನಿನ ದಾಖಲೆಗಷ್ಟೇ ತೃಪ್ತರಾಗಬೇಕು.

ಗಲ್ಲವನ್ನು ಪಕ್ಕೆಗೆ ತರಿಸುವ ವ್ಯಾಯಾಮದಲ್ಲಿ ಎಡ ಮತ್ತು ಬಲ ಎರಡೂ ಬದಿಗಳನ್ನು ಒಟ್ಟಿಗೆ ದಾಖಲಿಸದೆ ಅರ್ಥ ಹೊರಡುವುದಿಲ್ಲ. ಕುದುರೆ ಕ್ಯಾರೆಟ್ ಕಚ್ಚಿಕೊಳ್ಳಲು ಹಠಾತ್ತನೆ ತಲೆ ತಿರುಗಿಸುವ ಕ್ಷಣವನ್ನೂ, ಬಾಗಿದ ಭಂಗಿಯಲ್ಲಿ ನಿಂತ ಕೆಲವು ಸೆಕೆಂಡುಗಳನ್ನೂ ಬೇರೆ ಬೇರೆಯಾಗಿ ಲೆಕ್ಕಹಾಕಬೇಕು. ಸ್ಥಿರತೆಯ ತರಬೇತಿ ನಡೆಯುವುದು ಎರಡನೆಯ ಭಾಗದಲ್ಲಿ. ಎರಡನ್ನೂ ಸೇರಿಸಿ ಒಂದೇ ಸರಾಸರಿ ತೆಗೆದರೆ ಆತುರದ ಕುದುರೆ ಹೆಚ್ಚು ಕೆಲಸ ಮಾಡಿದಂತೆ ತೋರುತ್ತದೆ. ಕಂಬಗಳ ವ್ಯಾಯಾಮದಲ್ಲಿ ಅನುಕ್ರಮವನ್ನು ಕುದುರೆಯಿಂದ ಕುದುರೆಗೆ ಅದಲುಬದಲು ಮಾಡಬೇಕು. ಎಲ್ಲ ಕುದುರೆಗಳಿಗೂ ಕಂಬವನ್ನು ಕೊನೆಯಲ್ಲೇ ಇಟ್ಟರೆ ದಣಿವಿನ ಪ್ರಭಾವವನ್ನು ಕಂಬದ ಪ್ರಭಾವವೆಂದು ಓದುವ ಅಪಾಯವಿದೆ.

ಹೆಚ್ಚಿದ ಸಂಕೇತವನ್ನು ಓದುವುದು ಹೇಗೆ?

ಸಂಕೇತ ಹೆಚ್ಚಿದ್ದರೆ ವ್ಯಾಯಾಮ ಉತ್ತಮ ಎಂಬ ಓದು ನನಗೆ ಅತ್ಯಂತ ಕಳವಳ ತರುವ ಸಂಗತಿ. ಇಎಂಜಿಯ ಗಾತ್ರ ಬಲದ ನೇರ ಅಳತೆಯಲ್ಲ. ಅಷ್ಟೇ ಬಲವನ್ನು ಸ್ನಾಯು ಹಿಗ್ಗುತ್ತಾ ತಡೆದುಕೊಳ್ಳುವಾಗ, ಕುಗ್ಗುತ್ತಾ ಎಳೆಯುವಾಗಿಗಿಂತ ಕಡಿಮೆ ವಿದ್ಯುತ್ತು ದಾಖಲಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನೋವಿರುವ ಕುದುರೆ ಬೆನ್ನನ್ನು ಸೆಟೆದು ಹಿಡಿಯುತ್ತದೆ. ಆಗ ಲಾಂಜಿಸಿಮಸ್‌ನ ಸಂಕೇತ ಏರುತ್ತದೆ, ಹೆಜ್ಜೆಗಳ ನಡುವೆ ಇಳಿಯಬೇಕಾದಲ್ಲಿ ಇಳಿಯುವುದಿಲ್ಲ. ಇದನ್ನು ಬಲವರ್ಧನೆ ಎಂದು ಓದಿ ಅದೇ ವ್ಯಾಯಾಮವನ್ನು ಮುಂದುವರಿಸಿದರೆ ಕುದುರೆಗೆ ಅನ್ಯಾಯವಾಗುತ್ತದೆ. ಆದ್ದರಿಂದ ಬೆನ್ನಿನ ಸ್ನಾಯುವನ್ನು ಎಂದೂ ಒಂಟಿಯಾಗಿ ಅಳೆಯದೆ ಹೊಟ್ಟೆಯ ಸ್ನಾಯುವಿನ ಜೊತೆಗೇ ಅಳೆಯಬೇಕು, ಗಾತ್ರದಷ್ಟೇ ಗಮನವನ್ನು ಸಮಯಕ್ಕೂ ಕೊಡಬೇಕು. ರೆಕ್ಟಸ್ ಅಬ್ಡಾಮಿನಿಸ್ ಚುರುಕಾಗಿ, ಲಾಂಜಿಸಿಮಸ್ ತನ್ನ ಸರದಿಯಲ್ಲಿ ಎದ್ದು ಸರದಿ ಮುಗಿದಾಗ ಸುಮ್ಮನಾಗುತ್ತಿದ್ದರೆ ವ್ಯಾಯಾಮ ಉದ್ದೇಶಿಸಿದ ದಾರಿಯಲ್ಲಿದೆ ಎನ್ನಬಹುದು. ಎರಡೂ ಒಟ್ಟಿಗೆ ಬಿಗಿದು ಬಿಡದೇ ಇದ್ದರೆ, ಕಿವಿ ಹಿಂದಕ್ಕೆ ಮಡಿಚಿ ಬಾಲ ಬೀಸುತ್ತಿದ್ದರೆ, ದಾಖಲೆ ನಿಲ್ಲಿಸಿ ಬೆನ್ನನ್ನೂ ಕಾಲುಗಳನ್ನೂ ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು.

ಒಂದೇ ಉಪಕರಣ ಕೊಳ್ಳುವುದಾದರೆ

ವ್ಯಾಯಾಮಗಳನ್ನು ಪರಸ್ಪರ ಹೋಲಿಸುವ ಸಂಶೋಧಕರಿಗೆ ತಂತಿರಹಿತ ಚರ್ಮದ ಇಎಂಜಿಯೇ ಸೂಕ್ತ. ಕನಿಷ್ಠ ನಾಲ್ಕು ಚಾನೆಲ್‌ಗಳಾದರೂ ಬೇಕು: ಬೆನ್ನಿನ ಎರಡು ಬದಿ, ಹೊಟ್ಟೆಯ ಎರಡು ಬದಿ. ಚಿಕಿತ್ಸೆ ನೀಡುವವರಿಗಾದರೆ ನಾನು ಅಲ್ಟ್ರಾಸೌಂಡನ್ನೇ ಹೇಳುತ್ತೇನೆ. ಪಶುಚಿಕಿತ್ಸಾಲಯಗಳಲ್ಲಿ ಅದು ಸಾಮಾನ್ಯವಾಗಿ ಆಗಲೇ ಇರುತ್ತದೆ, ಕುದುರೆಯ ಮಾಲೀಕರು ನಿಜವಾಗಿ ಕೇಳುವ ಪ್ರಶ್ನೆಗೆ, ಅಂದರೆ ಇಷ್ಟು ವಾರ ಮಾಡಿಸಿದ್ದರಿಂದ ಬೆನ್ನು ಕಟ್ಟಿಕೊಂಡಿತೇ ಎಂಬುದಕ್ಕೆ, ಅದು ಉತ್ತರಿಸುತ್ತದೆ. ಬೆನ್ನೆಲುಬಿನ ತೀವ್ರ ದೋಷವಿರುವ ಜಾಗದ ಆಸುಪಾಸಿನಲ್ಲಿ ಮಲ್ಟಿಫಿಡಸ್ ಎಡಬಲಗಳಲ್ಲಿ ಅಸಮವಾಗಿರುವುದನ್ನು ರೇಸ್ ಕುದುರೆಗಳಲ್ಲಿ ಕಂಡಿರುವುದರಿಂದ, ವ್ಯಾಯಾಮ ಆರಂಭಿಸುವ ಮುನ್ನ ತೆಗೆದ ಚಿತ್ರಕ್ಕೆ ರೋಗನಿರ್ಣಯದ ಬೆಲೆಯೂ ಇದೆ. ಆ ಮೊದಲ ಚಿತ್ರವನ್ನು ತೆಗೆಯದೆ ಮೂರು ತಿಂಗಳ ವ್ಯಾಯಾಮ ಮುಗಿಸಿ ಬಂದ ಕುದುರೆಗೆ ಯಾವ ಉಪಕರಣ ಹಿಡಿದರೂ, ಸ್ನಾಯು ಈಗ ಎಷ್ಟಿದೆ ಎಂದು ಹೇಳಬಹುದೇ ಹೊರತು ಎಷ್ಟು ಬೆಳೆಯಿತು ಎಂದು ಹೇಳಲಾಗುವುದಿಲ್ಲ.